ದಾವಣಗೆರೆ ಹತ್ತಿರದ ಒಂದು ಅಜ್ಜಿಯರ ಮನೆ: ಹದಿನಾಲ್ಕು ತಿಂಗಳ ಅನುಭವ

ನಾನು ದಾವಣಗೆರೆಯ ಒಂದು ಔಷಧಿ ಅಂಗಡಿಯಲ್ಲಿ 22 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಹಾಗಾಗಿ ಯಾವ ವೃದ್ಧಾಶ್ರಮಕ್ಕೆ ಹೋದರೂ ನಾನು ಮೊದಲು ನೋಡುವುದು ಮಾತ್ರೆ ಡಬ್ಬಿ. ಗೋಡೆಯ ಬಣ್ಣ, ಅಂಗಳದ ಹೂವು, ಟೀವಿ ಇದೆಯಾ ಇಲ್ವಾ, ಇದೆಲ್ಲ ಆಮೇಲೆ. ಯಾರ ಮಾತ್ರೆ ಯಾರ ಬಾಯಿಗೆ ಹೋಗುತ್ತಿದೆ ಎಂದು ಗೊತ್ತಿಲ್ಲದ ಜಾಗದಲ್ಲಿ ವಯಸ್ಸಾದವರನ್ನು ಬಿಡಬಾರದು.

ಈ ಮನೆಯಲ್ಲಿ 11 ಅಜ್ಜಿಯರಿದ್ದಾರೆ. 11 ಡಬ್ಬಿಗಳಿವೆ. ಎಲ್ಲರೂ ಗಂಡನನ್ನು ಕಳೆದುಕೊಂಡವರೇ. ಡಬ್ಬಿಯ ಮುಚ್ಚಳದ ಮೇಲೆ ಹೆಸರಿದೆ, ಪಕ್ಕದಲ್ಲಿ ಒಂದು ಚಿತ್ರ ಅಂಟಿಸಿದೆ. ಒಬ್ಬರದು ಗಿಳಿ, ಇನ್ನೊಬ್ಬರದು ಬಾಳೆಹಣ್ಣು, ಹದಿನಾಲ್ಕು ತಿಂಗಳಿಂದ ಇಲ್ಲಿರುವ ನಮ್ಮ ಅತ್ತೆಯದು ಎತ್ತು. ಓದಲು ಬಾರದವರಿಗೂ ತಮ್ಮ ಡಬ್ಬಿ ಯಾವುದೆಂದು ಗೊತ್ತಿರಬೇಕಲ್ವಾ, ಅದಕ್ಕೆ. ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ಕೊಡುತ್ತಾರೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಊಟದ ಜೊತೆ. ಇನ್ಸುಲಿನ್ ಫ್ರಿಜ್‌ನ ನಡುವಿನ ಅರೆಯಲ್ಲಿದೆ, ಐಸ್ ಕಟ್ಟುವ ಪೆಟ್ಟಿಗೆಯಲ್ಲಿಲ್ಲ. ಮಾತ್ರೆ ಪಟ್ಟಿಯನ್ನು ತುಂಡು ತುಂಡು ಕತ್ತರಿಸಿಲ್ಲ, ಅವಧಿ ಮುಗಿಯುವ ದಿನಾಂಕ ಕಾಣುವ ಹಾಗೆ ಇಟ್ಟಿದ್ದಾರೆ. ಮೊದಲ ದಿನ ಇಷ್ಟು ನೋಡಿದ ಮೇಲೆ ನಾನು ಕುರ್ಚಿಯಲ್ಲಿ ಕೂತೆ. ಅಲ್ಲಿಯವರೆಗೆ ನಿಂತೇ ಇದ್ದೆ.

ಮನೆಯ ಹೆಸರನ್ನು ನಾನು ಬರೆಯುತ್ತಿಲ್ಲ. ಅದನ್ನು ನಡೆಸುವ ಅಕ್ಕನೇ ಬೇಡ ಅಂದರು. ಇರುವುದು 11 ಮಂಚ, ಹೆಸರು ಹಾಕಿದರೆ ದಿನವೂ ಯಾರಿಗಾದರೂ ಇಲ್ಲ ಅನ್ನಬೇಕಾಗುತ್ತದೆ, ಅದು ಅವರಿಗೆ ಬಹಳ ಸಂಕಟ. ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ದಾರಿಯಲ್ಲಿ ಇಳಿದು ಹತ್ತು ನಿಮಿಷ ಒಳಗೆ ನಡೆಯಬೇಕು. ಮಂಗಳೂರು ಹೆಂಚಿನ ಹಳೆಯ ಬಾಡಿಗೆ ಮನೆ, ಬೋರ್‌ವೆಲ್ ಇದೆ, ಮುಂದೆ ಒಂದು ಬೇವಿನ ಮರ.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಈಗ 79 ವರ್ಷ. 23ಕ್ಕೇ ವಿಧವೆಯಾಗಿ ನಮ್ಮ ಮನೆಗೆ ಬಂದರು. ಅಪ್ಪ ಹತ್ತಿ ಗಿರಣಿಯಲ್ಲಿದ್ದರು. ಗಿರಣಿ ಮುಚ್ಚಿದಾಗ ಮನೆ ನಡೆದದ್ದು ಅತ್ತೆಯ ರೊಟ್ಟಿಯಿಂದ. ಬೆಳಗಿನ ನಾಲ್ಕು ಗಂಟೆಗೆ ಎದ್ದು ಜೋಳದ ರೊಟ್ಟಿ ಬಡಿದು ಖಾನಾವಳಿಗೆ ಕೊಡುತ್ತಿದ್ದರು. ಆ ಟಪಟಪ ಸದ್ದಿಗೇ ನನಗೆ ಎಚ್ಚರವಾಗುತ್ತಿತ್ತು. ನನ್ನ ಓದಿಗೆ ಫೀಸು ಕಟ್ಟಿದ್ದು ಅದೇ ದುಡ್ಡು. ಇದನ್ನು ಯಾಕೆ ಬರೆಯುತ್ತಿದ್ದೇನೆಂದರೆ, ಅಂಥವರನ್ನು ಬೇರೆಯವರ ಮನೆಗೆ ಬಿಟ್ಟು ಬರುವುದು ಸುಲಭವಾಗಿರಲಿಲ್ಲ. ಮೂರು ವರ್ಷದ ಹಿಂದೆ ಬಚ್ಚಲಲ್ಲಿ ಬಿದ್ದು ಸೊಂಟದ ಹತ್ತಿರ ತೊಡೆಮೂಳೆ ಮುರಿಯಿತು. ಆಪರೇಷನ್ ಆಯಿತು. ನನ್ನ ಹೆಂಡತಿ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಾಳೆ, ನಾನು ರಾತ್ರಿ ಹತ್ತಕ್ಕೆ ಮನೆಗೆ ಬರುತ್ತೇನೆ. ನಮ್ಮದು ಎರಡನೇ ಮಹಡಿ. ಒಂದು ವರ್ಷ ಹೇಗೋ ಮಾಡಿದೆವು. ಆಮೇಲೆ ಆಗಲಿಲ್ಲ.

ಮೊದಲು ಬಿಟ್ಟದ್ದು ಇನ್ನೊಂದು ಕಡೆ. ತಿಂಗಳಿಗೆ 14,000 ಕೊಟ್ಟೆ. ಟೈಲ್ಸ್ ಹಾಕಿದ ದೊಡ್ಡ ಕಟ್ಟಡ. ಎರಡು ತಿಂಗಳಿಗೆ ಅತ್ತೆಯ ಬೆನ್ನ ಕೆಳಗೆ ಅಂಗೈ ಅಗಲದ ಹುಣ್ಣು. ಮಲಗಿದಲ್ಲೇ ಇರುವವರನ್ನು ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಬೇಕು. ಒಂದೇ ಕಡೆ ಒತ್ತಿದರೆ ಅಲ್ಲಿಗೆ ರಕ್ತ ಓಡುವುದಿಲ್ಲ, ಚರ್ಮ ಸಾಯುತ್ತದೆ. ಇದು ಅಂಗಡಿಗೆ ಬರುವವರಿಗೆಲ್ಲ ನಾನೇ ಹೇಳುವ ಮಾತು. ಅಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಯಾರೂ ಮುಟ್ಟುತ್ತಿರಲಿಲ್ಲ. ಮಾತ್ರೆಯನ್ನೆಲ್ಲ ಒಂದೇ ಸ್ಟೀಲ್ ಡಬ್ಬಿಗೆ ಸುರಿದಿಟ್ಟಿದ್ದರು. ಅವತ್ತೇ ಕರೆದುಕೊಂಡು ಬಂದೆ.

ಆ ಹುಣ್ಣಿಗೆ ಡ್ರೆಸ್ಸಿಂಗ್ ಮಾಡಲು ಬರುತ್ತಿದ್ದ ನರ್ಸಮ್ಮ ಈ ಮನೆಯ ವಿಷಯ ಹೇಳಿದರು. ಕೊನೆಗೆ ಮೆಲ್ಲಗೆ, "ಅವರು ಕ್ರಿಶ್ಚಿಯನ್ ಆದೋರು, ನಿಮ್ಮವರು ಒಪ್ತಾರೋ ಇಲ್ವೋ" ಅಂದರು.

ನಮ್ಮವರು ಒಪ್ಪಲಿಲ್ಲ. ನಾವು ಲಿಂಗಾಯತರು. ಅತ್ತೆಯ ಕೊರಳಲ್ಲಿ ಇಷ್ಟಲಿಂಗ ಇಡುವ ಕರಡಿಗೆ ಇದೆ, ಪೂಜೆಯಾಗದೆ ಬಾಯಿಗೆ ನೀರು ಹಾಕುವವರಲ್ಲ. ನಮ್ಮ ದೊಡ್ಡಪ್ಪನ ಮಗ ಫೋನ್ ಮಾಡಿ, "ಲಿಂಗ ತೆಗೆಸಿ ಶಿಲುಬೆ ಕಟ್ತಾರೆ, ನೋಡ್ತಾ ಇರು" ಅಂದ. ಅತ್ತೆಯನ್ನು ಒಂದು ವಾರ ತನ್ನ ಮನೆಯಲ್ಲಿ ಇಟ್ಟುಕೊಳ್ಳುತ್ತೀಯಾ ಎಂದು ಕೇಳಿದೆ. ಫೋನ್ ಇಟ್ಟ. ಆದರೆ ಅವನ ಮಾತು ನನ್ನ ತಲೆಯಿಂದ ಹೋಗಲಿಲ್ಲ. ಹಾಗಾಗಿ ಅಕ್ಕನ ಎದುರು ಕೂತ ಕೂಡಲೇ ನೇರವಾಗಿ ಕೇಳಿಬಿಟ್ಟೆ: "ಅಕ್ಕಾ, ಇಲ್ಲಿ ಮತಾಂತರ ಮಾಡ್ತೀರಾ?"

ಅವರಿಗೆ ಸಿಟ್ಟು ಬರಲಿಲ್ಲ. ಆ ಪ್ರಶ್ನೆ ಅವರಿಗೆ ಹೊಸದೂ ಆಗಿರಲಿಲ್ಲ. ಕೈಯಲ್ಲಿದ್ದ ಸೊಪ್ಪು ಸೋಸುತ್ತಲೇ ಹೇಳಿದರು: "ಅಣ್ಣಾ, ಈ ವಯಸ್ಸಿನಲ್ಲಿ ಅನ್ನ ಹಾಕುವ ಕೈಯೇ ದೇವರ ಹೆಸರು ಹೇಳಿ ಕೇಳಿದರೆ, ಅವರು ಹೂಂ ಅನ್ನಲೇಬೇಕಾಗುತ್ತೆ. ಅದು ನಂಬಿಕೆ ಅಲ್ಲ, ಹೆದರಿಕೆ. ಹೆದರಿಕೆಯಿಂದ ಬಂದವರು ನನ್ನ ಕರ್ತನಿಗೆ ಬೇಡ."

ಇದನ್ನು ನಾನು ಹಾಗೇ ನಂಬಿ ಸುಮ್ಮನಾಗಲಿಲ್ಲ. ಹದಿನಾಲ್ಕು ತಿಂಗಳು ನೋಡಿದ್ದೇನೆ. ಮುಂಚೆ ಹೇಳದೆ ಹೋಗಿ ನೋಡಿದ್ದೇನೆ. 11 ಜನರಲ್ಲಿ ಮೂವರು ಕ್ರೈಸ್ತರು. ಇಬ್ಬರು ಹುಟ್ಟಿನಿಂದಲೇ. ಇನ್ನೊಬ್ಬರು ಇಲ್ಲಿಗೆ ಬಂದು ಎರಡು ವರ್ಷದ ಮೇಲೆ ತಾವೇ ಕೇಳಿ, ಮಗಳ ಜೊತೆ ಮಾತಾಡಿ ದೀಕ್ಷಾಸ್ನಾನ ತೆಗೆದುಕೊಂಡವರು. ಆ ಮಗಳನ್ನೂ ನಾನು ಮಾತಾಡಿಸಿದ್ದೇನೆ. ಒಬ್ಬರು ಮುಸ್ಲಿಂ ಅಜ್ಜಿ, ರಂಜಾನ್ ತಿಂಗಳಲ್ಲಿ ಅವರಿಗೆ ಬೆಳಗಿನ ಜಾವ ಮೂರೂವರೆಗೆ ಎದ್ದು ಬಿಸಿ ಅನ್ನ ಮಾಡಿಕೊಡುತ್ತಾರೆ. ಉಳಿದವರು ನಮ್ಮ ಹಾಗೇ ಬೇರೆ ಬೇರೆ ಜಾತಿಯ ಹಿಂದೂಗಳು. ಪ್ರತಿ ಮಂಚದ ತಲೆದೆಸೆಯಲ್ಲಿ ಗೋಡೆಗೆ ಒಂದು ಗೂಡು ಇದೆ. ಅದು ಅವರವರ ದೇವರಿಗೆ. ದುಗ್ಗಮ್ಮ ಇದ್ದಾಳೆ, ಉಚ್ಚಂಗೆಮ್ಮ ಇದ್ದಾಳೆ, ಬರೀ ಗಂಡನ ಫೋಟೋ ಇಟ್ಟವರೂ ಇದ್ದಾರೆ. ಸಂಜೆ ಏಳಕ್ಕೆ ಅಕ್ಕ ಪಡಸಾಲೆಯಲ್ಲಿ ಕೂತು ಒಂದು ಹಾಡು ಹೇಳಿ ಪ್ರಾರ್ಥನೆ ಮಾಡುತ್ತಾರೆ. ಬೇಕಾದವರು ಬಂದು ಕೂರುತ್ತಾರೆ. ಅತ್ತೆ ಹಾಡಿಗೆ ಕೂರುತ್ತಾರೆ, ಪ್ರಾರ್ಥನೆಗೆ ಎದ್ದು ಬರುತ್ತಾರೆ. ಯಾರೂ ಏನೂ ಅನ್ನುವುದಿಲ್ಲ.

ಒಂದು ಬೆಳಿಗ್ಗೆ ನಾನು ಆರು ಗಂಟೆಗೇ ಹೋಗಿದ್ದೆ, ಅಂಗಡಿಗೆ ಹೋಗುವ ಮುಂಚೆ ಡೈಪರ್ ಕೊಟ್ಟು ಬರೋಣ ಎಂದು. ಅತ್ತೆಗೆ ಸ್ನಾನ ಆಗಿತ್ತು. ಹಣೆಗೆ ವಿಭೂತಿ ಹಚ್ಚಿದ್ದರು. ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಪೂಜೆ ಮಾಡಬೇಕು, ಆದರೆ ಈಚೆಗೆ ಅವರ ಕೈ ನಡುಗುತ್ತದೆ. ಒಂದು ಸಲ ಲಿಂಗ ಜಾರಿ ಹಾಸಿಗೆಯ ಮೇಲೆ ಬಿದ್ದು ಇಡೀ ದಿನ ಊಟ ಬಿಟ್ಟಿದ್ದರಂತೆ. ಅವತ್ತು ನೋಡಿದರೆ, ಅಕ್ಕ ನೆಲದ ಮೇಲೆ ಮೊಣಕಾಲೂರಿ ಕೂತಿದ್ದಾರೆ. ಎರಡೂ ಕೈ ಬೊಗಸೆ ಮಾಡಿ ಅತ್ತೆಯ ಅಂಗೈ ಕೆಳಗೆ ಹಿಡಿದಿದ್ದಾರೆ. ಲಿಂಗವನ್ನು ಮುಟ್ಟಿಲ್ಲ. ಅತ್ತೆಯ ಕೈಯನ್ನು ಮಾತ್ರ ಹಿಡಿದಿದ್ದಾರೆ, ಅಲುಗಾಡದ ಹಾಗೆ. ಅತ್ತೆ ಕಣ್ಣು ಮುಚ್ಚಿ ಬಾಯಲ್ಲಿ ಮಂತ್ರ ಹೇಳುತ್ತಿದ್ದರು. ಅಕ್ಕನೂ ಕಣ್ಣು ಮುಚ್ಚಿದ್ದರು. ಅವರ ತುಟಿ ಅಲ್ಲಾಡುತ್ತಿರಲಿಲ್ಲ. ಹತ್ತು ನಿಮಿಷ ಆಗಿರಬೇಕು. ನಾನು ಬಾಗಿಲಲ್ಲೇ ಚಪ್ಪಲಿ ಬಿಟ್ಟು ನಿಂತಿದ್ದೆ, ಒಳಗೆ ಕಾಲಿಡಲು ಆಗಲಿಲ್ಲ.

ಇದು ದಿನಾ ನಡೆಯುತ್ತದಂತೆ. ಆಮೇಲೆ ಕೇಳಿದೆ, ನಿಮ್ಮ ಸಭೆಯವರು, ಅಂದರೆ ಚರ್ಚಿನವರು, ಇದಕ್ಕೆ ಏನೂ ಅನ್ನಲ್ವಾ ಎಂದು. "ಅಂತಾರೆ. ನಾನು ವಿಗ್ರಹಕ್ಕೆ ಕೈ ಮುಗಿದಿಲ್ಲ, ನಡುಗೋ ಕೈ ಹಿಡಿದಿದ್ದೀನಿ ಅಂತ ಹೇಳ್ತೀನಿ" ಅಂದರು.

ಅಕ್ಕನ ಕಥೆಯನ್ನು ಅವರು ಒಂದೇ ಸಲ ಕೂತು ಹೇಳಿದ್ದಲ್ಲ. ಸೊಪ್ಪು ಸೋಸುವಾಗ, ಲೆಕ್ಕ ಬರೆಯುವಾಗ ಚೂರು ಚೂರು ಹೇಳಿದ್ದು. ಹುಟ್ಟಿದ್ದು ಜಗಳೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಆಗಿನ್ನೂ ಅದು ಚಿತ್ರದುರ್ಗ ಜಿಲ್ಲೆ. ದಾವಣಗೆರೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಏಳನೇ ಕ್ಲಾಸಿಗೆ ಓದು ನಿಂತಿತು. ಮದುವೆಯಾಗಿ ದಾವಣಗೆರೆಗೆ ಬಂದರು. ಗಂಡ ಲಾರಿಯಲ್ಲಿ ಕೆಲಸಕ್ಕಿದ್ದವರು, ಅಪಘಾತದಲ್ಲಿ ಹೋದರು. ಅಕ್ಕನಿಗೆ ಆಗ 27. ಕಂಕುಳಲ್ಲಿ ಒಬ್ಬ ಮಗ. ಬಳೆ ಒಡೆದರು, ಕುಂಕುಮ ಅಳಿಸಿದರು, ಮದುವೆ ಮನೆಗಳಲ್ಲಿ ಹಿಂದೆ ಕೂರಿಸಿದರು. ಹೊಟ್ಟೆಪಾಡಿಗೆ ಒಂದು ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಆಯಾ ಆದರು.

ಆ ವಾರ್ಡಿಗೆ ಚನ್ನಗಿರಿ ಕಡೆಯ ಒಬ್ಬ ಮುದುಕಿಯನ್ನು ಮಕ್ಕಳು ಸೇರಿಸಿ ಹೋದರು. ತಿರುಗಿ ಬರಲಿಲ್ಲ. ಒಂಬತ್ತು ರಾತ್ರಿ ಅಕ್ಕ ಆಕೆಯನ್ನು ಒರೆಸಿ, ಬಟ್ಟೆ ಬದಲಿಸಿ, ಗಂಜಿ ಕುಡಿಸಿದರು. ಅದು ಅವರ ಸಂಬಳದ ಕೆಲಸ. ಹತ್ತನೇ ರಾತ್ರಿ ಆಕೆ "ಯಾರವ್ವ ನೀನು, ನನ್ನ ಯಾವ ಮಗಳು?" ಎಂದು ಕೇಳಿದಳಂತೆ. ಅಕ್ಕನಿಗೆ ಉತ್ತರ ಬರಲಿಲ್ಲ. ಬೆಳಗಾಗುವಷ್ಟರಲ್ಲಿ ಆಕೆ ಹೋಗಿಬಿಟ್ಟಿದ್ದಳು. "ಹೂಂನವ್ವಾ, ನಿನ್ನ ಮಗಳೇ ಅಂತ ಒಂದು ಮಾತು ಅಂದಿದ್ರೆ ಏನಾಗ್ತಿತ್ತು ಅಣ್ಣಾ" ಎಂದು ಅಕ್ಕ ಈಗಲೂ ಹೇಳುತ್ತಾರೆ. ಇಷ್ಟು ವರ್ಷವಾದರೂ ಅದನ್ನು ಹೇಳುವಾಗ ಅವರ ಕೈ ಕೆಲಸ ನಿಲ್ಲುತ್ತದೆ.

ಅದೇ ವಾರ್ಡಿನ ಒಬ್ಬ ನರ್ಸ್ ಅವರಿಗೆ ಬೈಬಲ್‌ನ ಎರಡನೇ ಭಾಗವಾದ ಹೊಸ ಒಡಂಬಡಿಕೆಯ ಒಂದು ಚಿಕ್ಕ ಪುಸ್ತಕ ಕೊಟ್ಟರು. ರಾತ್ರಿ ಪಾಳಿಯಲ್ಲಿ ಬೆರಳಿಟ್ಟು ನಿಧಾನವಾಗಿ ಓದಿದರಂತೆ. ಯಾಕೋಬನ ಪತ್ರಿಕೆಯ ಮೊದಲ ಅಧ್ಯಾಯದ 27ನೇ ವಚನದಲ್ಲಿ, ದಿಕ್ಕಿಲ್ಲದ ಮಕ್ಕಳನ್ನೂ ವಿಧವೆಯರನ್ನೂ ಅವರ ಕಷ್ಟದಲ್ಲಿ ನೋಡಿಕೊಳ್ಳುವುದೇ ಶುದ್ಧವಾದ ಭಕ್ತಿ ಎಂಬ ಅರ್ಥದ ಮಾತಿದೆ. "ನಾನೂ ವಿಧವೆ. ನನಗೇ ಯಾರೋ ಕಾಗದ ಬರೆದ ಹಾಗಿತ್ತು" ಅಂದರು. ಆಮೇಲೆ ಯೊಪ್ಪ ಎಂಬ ಊರಿನ ತಬಿಥಾಳ ಕಥೆ. ಆಕೆ ಸತ್ತಾಗ ಊರಿನ ವಿಧವೆಯರೆಲ್ಲ ಅಳುತ್ತಾ, ಆಕೆ ತಮಗೆ ಹೊಲಿದುಕೊಟ್ಟ ಬಟ್ಟೆಗಳನ್ನು ತೋರಿಸುತ್ತಾ ನಿಂತರು ಎಂದು ಅದರಲ್ಲಿ ಬರುತ್ತದೆ. ಅಕ್ಕನಿಗೆ ಬಹಳ ಇಷ್ಟವಾದ ಭಾಗ ಅದು. "ಅವಳು ಏನು ಮಾತಾಡಿದಳು ಅಂತ ಬರೆದಿಲ್ಲ. ಬಟ್ಟೆ ಹೊಲಿದದ್ದು ಬರೆದಿದೆ."

2006ರಲ್ಲಿ ದೀಕ್ಷಾಸ್ನಾನ ತೆಗೆದುಕೊಂಡರು. ಹೆಸರು ಬದಲಿಸಲಿಲ್ಲ. 2011ರಲ್ಲಿ ತಮ್ಮ ಎರಡು ಕೋಣೆಯ ಬಾಡಿಗೆ ಮನೆಗೆ ಒಬ್ಬ ಅಜ್ಜಿಯನ್ನು ಕರೆತಂದರು. ಅಲ್ಲಿಂದ ಶುರು. ಇದನ್ನು ಅವರು "ಕರೆ" ಎನ್ನುತ್ತಾರೆ. ದೇವರು ಕರೆದ, ಬಂದೆ, ಅಷ್ಟೇ ಎಂಬ ಹಾಗೆ.

ಅವರ ತಾಯಿ ಮಾತ್ರ ಒಂಬತ್ತು ವರ್ಷ ಮಾತು ಬಿಟ್ಟಿದ್ದರು. ಈಗ ತಿಂಗಳಿಗೊಮ್ಮೆ ಜಗಳೂರಿನಿಂದ ಬರುತ್ತಾರೆ. ಬಸ್ಸು ಹೆಂಗಸರಿಗೆ ಉಚಿತವಾದ ಮೇಲೆ ತಪ್ಪದೆ ಬರುತ್ತಾರೆ. ಬಟ್ಟೆಯಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದು ಅಜ್ಜಿಯರಿಗೆಲ್ಲ ಹಂಚುತ್ತಾರೆ. ತಾವು ಮಾತ್ರ ಆ ಮನೆಯ ಅಡುಗೆ ಮುಟ್ಟುವುದಿಲ್ಲ. ಮೊದಲು ನೀರೂ ಕುಡಿಯುತ್ತಿರಲಿಲ್ಲವಂತೆ. ಈಗ ಚಹಾ ಕುಡಿಯುತ್ತಾರೆ. ಬೇವಿನ ಮರದ ಕೆಳಗೆ ಕೂತು.

ಈಗ ಊಟದ ವಿಷಯ. ಬೆಳಿಗ್ಗೆ ಉಪ್ಪಿಟ್ಟು ಅಥವಾ ಇಡ್ಲಿ. ಮಧ್ಯಾಹ್ನ ರೊಟ್ಟಿ, ಪಲ್ಯ, ಅನ್ನ, ಸಾರು. ಹಲ್ಲಿಲ್ಲದವರಿಗೆ ರೊಟ್ಟಿಯನ್ನು ಹಾಲಲ್ಲಿ ನೆನೆಸಿ ಕಿವುಚಿ ಕೊಡುತ್ತಾರೆ. ಜಗಳೂರಿನವರ ಮನೆಯಲ್ವಾ, ವಾರಕ್ಕೆರಡು ದಿನ ರಾಗಿ ಮುದ್ದೆಯೂ ಇರುತ್ತದೆ. ಗುರುವಾರ ಸಂಜೆ ಒಗ್ಗರಣೆ ಮಂಡಕ್ಕಿ. ದಾವಣಗೆರೆಯ ಅಜ್ಜಿಯರಿಗೆ ಮಂಡಕ್ಕಿ ಇಲ್ಲದೆ ವಾರ ಮುಗಿಯುವುದಿಲ್ಲ. ನೆನೆಸಿದ್ದರಿಂದ ಮೆತ್ತಗಿರುತ್ತದೆ, ಒಸಡಿನಲ್ಲೇ ತಿನ್ನಬಹುದು. ಮೆಣಸಿನಕಾಯಿ ಬಜ್ಜಿಗೆ ಖಾರವಿಲ್ಲದ ದಪ್ಪ ಕಾಯಿ ಹುಡುಕಿ ತರುತ್ತಾರೆ. ತಿಂಗಳಿಗೊಂದು ದಿನ ಊರೊಳಗಿಂದ ಬೆಣ್ಣೆ ದೋಸೆ ಪಾರ್ಸೆಲ್. ಅತ್ತೆ ಆ ದಿನದ ಲೆಕ್ಕ ಇಟ್ಟುಕೊಂಡಿರುತ್ತಾರೆ.

ನನಗೆ ಹಿಡಿಸದ್ದು ಭಾನುವಾರದ ಕೋಳಿ. ತಿನ್ನುವವರಿಗೆ ಮಾಡಲಿ, ನನ್ನದೇನೂ ತಕರಾರಿಲ್ಲ. ಹಿತ್ತಲಲ್ಲಿ ಬೇರೆ ಒಲೆ, ಬೇರೆ ಪಾತ್ರೆ ಇಟ್ಟಿದ್ದಾರೆ. ಆದರೂ ಅತ್ತೆಯ ಕಿಟಕಿ ಹಿತ್ತಲ ಕಡೆಗೇ ಇತ್ತು, ವಾಸನೆಗೆ ಅವರು ಊಟ ಬಿಡುತ್ತಿದ್ದರು. ಮೂರು ಸಲ ಹೇಳಿದ ಮೇಲೆ ಮಂಚ ಮುಂದಿನ ಕೋಣೆಗೆ ಬಂತು. ಮೊದಲ ಸಲವೇ ಆಗಬೇಕಿತ್ತು.

ದೊಡ್ಡ ಕೊರತೆ ರಾತ್ರಿಯದು. ಹಗಲು ಅಕ್ಕನ ಜೊತೆ ಇಬ್ಬರು ಹೆಂಗಸರು ಇರುತ್ತಾರೆ. ರಾತ್ರಿ ಅಕ್ಕ ಒಬ್ಬರೇ. ನರ್ಸ್ ಇಲ್ಲ. ಕಳೆದ ಮಾರ್ಚ್‌ನಲ್ಲಿ ನಡುರಾತ್ರಿ ಮೂರಕ್ಕೆ ಅತ್ತೆ ಮೂತ್ರಕ್ಕೆಂದು ಎದ್ದು ಬಿದ್ದರು. ಹುಬ್ಬಿನ ಮೇಲೆ ನಾಲ್ಕು ಹೊಲಿಗೆ. ಅಕ್ಕ ಇನ್ನೊಬ್ಬ ಅಜ್ಜಿಗೆ ಜ್ವರವೆಂದು ಒಂದೂವರೆವರೆಗೆ ಕೂತಿದ್ದು, ಆಗಷ್ಟೇ ಮಲಗಿದ್ದರು. ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದರು, ಸರಿ. ಆದರೆ ನನಗೆ ಫೋನ್ ಬಂದದ್ದು ಬೆಳಿಗ್ಗೆ ಆರೂವರೆಗೆ. ಅವತ್ತು ನಾನು ಬಹಳ ಜೋರು ಮಾಡಿದೆ. ಅಕ್ಕ ಒಂದೂ ನೆಪ ಹೇಳಲಿಲ್ಲ, "ತಪ್ಪಾಯ್ತು ಅಣ್ಣಾ, ಆಗಲೇ ಹೇಳಬೇಕಿತ್ತು" ಅಂದರು. ಅವರ ಸೀರೆಯ ಮೇಲೆ ಅತ್ತೆಯ ರಕ್ತ ಇನ್ನೂ ಇತ್ತು.

ಆಮೇಲೆ ಕೂತು ಯೋಚನೆ ಮಾಡಿದೆವು. ಬಿಪಿ ಮಾತ್ರೆ ತಗೊಳ್ಳುವ ವಯಸ್ಸಾದವರು ಮಲಗಿದಲ್ಲಿಂದ ಥಟ್ಟನೆ ಎದ್ದು ನಿಂತರೆ ಬಿಪಿ ಇಳಿದು ತಲೆ ಸುತ್ತುತ್ತದೆ. ಮಂಚದ ಅಂಚಿಗೆ ಕಾಲು ಇಳಿಬಿಟ್ಟು ಎರಡು ನಿಮಿಷ ಕೂತು ಏಳಬೇಕು. ಅತ್ತೆಗೆ ಮೂತ್ರ ಹೋಗಿಸುವ ಮಾತ್ರೆಯನ್ನು ಸಂಜೆ ಕೊಡುತ್ತಿದ್ದರು. ಡಾಕ್ಟರನ್ನು ಕೇಳಿ ಅದನ್ನು ಬೆಳಿಗ್ಗೆಗೆ ಬದಲಿಸಿದೆವು. ನಿಮ್ಮ ಮನೆಯಲ್ಲೂ ಹಿರಿಯರು ರಾತ್ರಿ ಪದೇ ಪದೇ ಏಳುತ್ತಿದ್ದರೆ ಡಾಕ್ಟರ ಹತ್ತಿರ ಈ ಮಾತು ಕೇಳಿ ನೋಡಿ. ಮಂಚದಿಂದ ಬಚ್ಚಲವರೆಗೆ ಗೋಡೆಗೆ ಸ್ಟೀಲ್ ಪೈಪ್ ಹಾಕಿಸಿದೆ, ದುಡ್ಡು ನಾನೇ ಕೊಟ್ಟೆ. ಪ್ರತಿ ಮಂಚಕ್ಕೆ ಒಂದು ಕರೆಗಂಟೆ ಬಂತು. ಅಲ್ಲಿಂದ ಯಾರೂ ಬಿದ್ದಿಲ್ಲ. ಆದರೂ ರಾತ್ರಿಗೆ ಇನ್ನೊಬ್ಬರು ಬೇಕೇ ಬೇಕು. ಅಕ್ಕನಿಗೂ ಈಗ 50ರ ಹತ್ತಿರ, ಅವರ ಮೊಣಕಾಲೂ ನೋಯುತ್ತದೆ. ನೋವಿನ ಮಾತ್ರೆ ಕೇಳಿಕೊಂಡು ನಮ್ಮ ಅಂಗಡಿಗೇ ಬರುತ್ತಾರೆ. ಐದಕ್ಕೆ ಅಂಕ ಕೊಡು ಎಂದರೆ ನಾನು ನಾಲ್ಕು ಕೊಡುತ್ತೇನೆ, ಆ ಒಂದು ಹೋಗಿದ್ದು ಈ ರಾತ್ರಿಗೆ.

ಬೆನ್ನಿನ ಹುಣ್ಣು ವಾಸಿಯಾದದ್ದನ್ನು ಹೇಳಲೇಬೇಕು. ಎರಡೂವರೆ ತಿಂಗಳು ಹಿಡಿಯಿತು. ಗೋಡೆಗೆ ಒಂದು ಹಾಳೆ ಅಂಟಿಸಿ, ಎರಡು ಗಂಟೆಗೊಂದು ಗೆರೆ ಎಳೆದು, ಎಡ, ಬಲ ಎಂದು ಬರೆಯುತ್ತಿದ್ದರು. ರಾತ್ರಿ ಎರಡರ ಗೆರೆ, ನಾಲ್ಕರ ಗೆರೆ, ಎಲ್ಲ ಅಕ್ಕನ ಅಕ್ಷರದಲ್ಲಿ. ಆ ಹಾಳೆಗಳನ್ನು ನಾನು ಎತ್ತಿಟ್ಟುಕೊಂಡಿದ್ದೇನೆ. ಈಗ ಅತ್ತೆ ವಾಕರ್ ಹಿಡಿದು ಬೇವಿನ ಮರದವರೆಗೆ ನಡೆಯುತ್ತಾರೆ.

ದುಡ್ಡಿನ ಲೆಕ್ಕ ಹೀಗಿದೆ. ಕೊಡಲು ಆಗುವವರು ತಿಂಗಳಿಗೆ 6,000. ಡೈಪರ್, ಮಾತ್ರೆ ಬೇರೆ. ಆಗದವರು ಏನೂ ಕೊಡುವುದಿಲ್ಲ. 11ರಲ್ಲಿ ಐವರು ಮಾತ್ರ ಕೊಡುವವರು. ಉಳಿದದ್ದು ಸಭೆಯವರಿಂದ ಮತ್ತು ಎಪಿಎಂಸಿಯ ಒಬ್ಬ ಅಕ್ಕಿ ವ್ಯಾಪಾರಿಯಿಂದ ಬರುತ್ತದೆ. ಆ ವ್ಯಾಪಾರಿ ನಮ್ಮ ಜಾತಿಯವರೇ. ಖರ್ಚಿನ ಪುಸ್ತಕ ಮೇಜಿನ ಮೇಲೇ ಇರುತ್ತದೆ, ಯಾರು ಬೇಕಾದರೂ ತೆರೆದು ನೋಡಬಹುದು. ಟ್ರಸ್ಟಿನ ನೋಂದಣಿ ಪತ್ರ ಕೇಳಿದೆ, ತೋರಿಸಿದರು.

ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಪಿಂಚಣಿ ಪುಸ್ತಕದ ವಿಷಯ. 65 ದಾಟಿದವರಿಗೆ ಸಂಧ್ಯಾ ಸುರಕ್ಷಾದಲ್ಲಿ 1,200 ರೂಪಾಯಿ ಬರುತ್ತದೆ, ವಿಧವಾ ವೇತನವಾದರೆ 800. ಕೆಲವು ಕಡೆ ಆ ಪಾಸ್‌ಬುಕ್ಕನ್ನು ಸೇರಿಸುವಾಗಲೇ ತೆಗೆದಿಟ್ಟುಕೊಳ್ಳುತ್ತಾರೆ. ಇಲ್ಲಿ ಅದು ಅಜ್ಜಿಯ ಟ್ರಂಕಿನಲ್ಲೇ ಇರುತ್ತದೆ, ಬೀಗದ ಕೈ ಅವರ ಸೆರಗಿನ ತುದಿಯಲ್ಲಿ. ತಮ್ಮ ದುಡ್ಡಲ್ಲಿ ಅವರು ಎಲೆ ಅಡಿಕೆ ತರಿಸಿಕೊಳ್ಳುತ್ತಾರೆ, ಮೊಮ್ಮಗುವಿಗೆ ಅಂಗಿ ತರಿಸುತ್ತಾರೆ. ಅತ್ತೆ ಹೋದ ದೀಪಾವಳಿಗೆ ನನ್ನ ಮಗಳಿಗೆ 500 ರೂಪಾಯಿ ಕೊಟ್ಟರು. ಕೊಡುವಾಗ ಅವರ ಮುಖ ನೋಡಬೇಕಿತ್ತು.

ಒಬ್ಬ ಅಜ್ಜಿಯ ಮನೆಯನ್ನು ಮಗ ಕೊನೆಯವರೆಗೂ ನೋಡಿಕೊಳ್ಳುತ್ತೇನೆ ಎಂದು ದಾನಪತ್ರ ಬರೆಸಿಕೊಂಡು, ಆರು ತಿಂಗಳಿಗೆ ಹೊರಗೆ ಹಾಕಿದ್ದ. ಅಕ್ಕ ಆಕೆಯನ್ನು ಕರೆದುಕೊಂಡು ಉಪವಿಭಾಗಾಧಿಕಾರಿ ಕಚೇರಿಗೆ ಹೋಗಿ ಅರ್ಜಿ ಕೊಡಿಸಿದರು. 2007ರ ಹಿರಿಯ ನಾಗರಿಕರ ಕಾಯ್ದೆ ಪ್ರಕಾರ ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ನೋಡಿಕೊಳ್ಳುತ್ತೇವೆ ಎಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಕೈಬಿಟ್ಟರೆ ಆ ಪತ್ರವನ್ನೇ ರದ್ದು ಮಾಡಿಸಬಹುದು. ಷರತ್ತು ಪತ್ರದಲ್ಲಿ ಬರೆದಿದ್ದರೆ ಕೆಲಸ ಸುಲಭ, ಹಾಗಾಗಿ ಬರೆಸುವಾಗಲೇ ಬರೆಸಿ. ಇದು ನನಗೂ ಗೊತ್ತಿರಲಿಲ್ಲ. 14567ಕ್ಕೆ ಫೋನ್ ಮಾಡಿದರೆ ಹಿರಿಯರಿಗೆ ಇಂಥ ಮಾಹಿತಿ ಉಚಿತವಾಗಿ ಸಿಗುತ್ತದೆ.

ಸೆಪ್ಟೆಂಬರ್ 8ಕ್ಕೆ ಹರಿಹರದ ಆರೋಗ್ಯ ಮಾತೆಯ ಹಬ್ಬ. ಅಕ್ಕನ ಸಭೆಯವರು ಮಾತೆಗೆ ಮೇಣದಬತ್ತಿ ಹಚ್ಚುವವರಲ್ಲ. ಆದರೂ ಅಜ್ಜಿಯರು ಆಸೆಪಟ್ಟರು ಎಂದು ಟೆಂಪೋ ಮಾಡಿ ಕರೆದೊಯ್ದರು. ಅತ್ತೆಯೂ ಹೋದರು. ಬರುವಾಗ ಹರಿಹರೇಶ್ವರನ ಗುಡಿಗೂ ಟೆಂಪೋ ನಿಲ್ಲಿಸಿದರಂತೆ. "ಆ ತಾಯಿಗೂ ಹೇಳಿ ಬಂದೆ, ಈ ತಂದೆಗೂ ಹೇಳಿ ಬಂದೆ, ನಿನಗೆ ಒಳ್ಳೇದಾಗಲಿ ಅಂತ" ಎಂದು ಅತ್ತೆ ಫೋನಲ್ಲಿ ಹೇಳಿದರು.

ನವೆಂಬರ್‌ನಲ್ಲಿ ಅತ್ತೆಯ ಪಕ್ಕದ ಮಂಚದ ಅಜ್ಜಿ ತೀರಿಕೊಂಡರು. ಅವರೂ ಲಿಂಗಾಯತರು. ಇಬ್ಬರು ಗಂಡುಮಕ್ಕಳು, ಒಬ್ಬ ಬೆಂಗಳೂರಲ್ಲಿ, ಒಬ್ಬ ಪುಣೆಯಲ್ಲಿ. ಬರಲು ಆಗುವುದಿಲ್ಲ, ನೀವೇ ಮಾಡಿಬಿಡಿ ಅಂದರಂತೆ. ಅಕ್ಕ ನನಗೆ ಫೋನ್ ಮಾಡಿ, "ಅಣ್ಣಾ, ನಿಮ್ಮ ಪದ್ಧತಿ ಹೇಗೆ, ಹೇಳಿಕೊಡಿ, ಒಂದೂ ತಪ್ಪಬಾರದು" ಅಂದರು. ನಾನು ಅಂಗಡಿಗೆ ರಜೆ ಹಾಕಿದೆ. ಅಯ್ಯನವರನ್ನು ಕರೆಸಿದೆವು. ಅಜ್ಜಿಯನ್ನು ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಕೂರಿಸಿಕೊಂಡು ಹೊತ್ತೊಯ್ಯುವ ಚಟ್ಟ, ಅಂದರೆ ವಿಮಾನ, ಕಟ್ಟಿಸಿದೆವು. ಸಭೆಯ ನಾಲ್ವರು ಹುಡುಗರು ಹೆಗಲು ಕೊಟ್ಟರು. ಅಕ್ಕನ ಮಗನೂ ಇದ್ದ. ಸಮಾಧಿಯ ಗುಂಡಿಗೆ ಉಪ್ಪು, ವಿಭೂತಿ, ಪತ್ರೆ ಎಲ್ಲ ಅಕ್ಕನೇ ಪೇಟೆಯಿಂದ ತಂದಿದ್ದರು. ಕ್ರಿಯೆ ನಡೆಯುವಾಗ ತಲೆ ಮೇಲೆ ಸೆರಗು ಹೊದ್ದು ಸ್ವಲ್ಪ ದೂರ ನಿಂತಿದ್ದರು. ಎಲ್ಲ ಮುಗಿದು ಜನ ಹೊರಟ ಮೇಲೆ ಹತ್ತಿರ ಬಂದು ಒಂದು ಹಿಡಿ ಮಣ್ಣು ಹಾಕಿ, "ಹೋಗಿ ಬಾರವ್ವಾ, ನಿನ್ನ ಮಗಳೇ ಬಂದೀನಿ" ಅಂದರು. ಚನ್ನಗಿರಿ ಕಡೆಯ ಆ ಮುದುಕಿಯ ಕಥೆ ನನಗೆ ಗೊತ್ತಿದ್ದರಿಂದ ಆ ಮಾತು ಯಾರಿಗೆ ಹೇಳಿದ್ದೆಂದು ಅರ್ಥವಾಯಿತು. ಇಬ್ಬರಿಗೂ.

ಹೋಗಿ ನೋಡಬೇಕೆನ್ನುವವರು ಮಧ್ಯಾಹ್ನ ಎರಡರಿಂದ ನಾಲ್ಕು ಬಿಟ್ಟು ಯಾವಾಗ ಬೇಕಾದರೂ ಹೋಗಬಹುದು, ಆ ಹೊತ್ತಿನಲ್ಲಿ ಎಲ್ಲ ಮಲಗಿರುತ್ತಾರೆ. ನಿಮ್ಮ ಊರಲ್ಲಿ ಇಂಥದ್ದೇ ಬೇರೆ ಮನೆ ಇದ್ದರೂ ಇದೇ ಮಾತು. ಹಳೆಯ ರೇಷ್ಮೆ ಸೀರೆ, ಹುಟ್ಟುಹಬ್ಬದ ಕೇಕು ಬೇಡ. ಕೇಕು ಸಕ್ಕರೆ ಕಾಯಿಲೆಯವರಿಗೆ ಆಗುವುದಿಲ್ಲ. ಮೆತ್ತನೆಯ ಹತ್ತಿ ಸೀರೆ, ದೊಡ್ಡವರ ಡೈಪರ್, ಕೊಬ್ಬರಿ ಎಣ್ಣೆ ಕೊಡಿ. ಅದಕ್ಕಿಂತ ಜಾಸ್ತಿ, ಒಂದು ಗಂಟೆ ಕೂತು ಯಾರದಾದರೂ ಕಾಲು ಒತ್ತಿ.

ಹೋದ ಭಾನುವಾರ ಹೋಗಿದ್ದೆ. ಆ ಖಾಲಿ ಮಂಚಕ್ಕೆ ಹೊಳಲ್ಕೆರೆ ಕಡೆಯ ಹೊಸ ಅಜ್ಜಿ ಬಂದಿದ್ದಾರೆ. ಉಟ್ಟ ಬಟ್ಟೆಯಲ್ಲಿ ಬಂದವರು, ಕೈಯಲ್ಲಿ ಒಂದು ಚೀಲವೂ ಇರಲಿಲ್ಲವಂತೆ. ಇನ್ನೂ ಯಾರ ಜೊತೆಯೂ ಮಾತಾಡುವುದಿಲ್ಲ, ಗೋಡೆಗೆ ಮುಖ ಮಾಡಿ ಮಲಗುತ್ತಾರೆ. ನಾನು ಹೊರಡುವಾಗ ಅತ್ತೆ ಕೈ ಹಿಡಿದು ನಿಲ್ಲಿಸಿದರು. "ತಮ್ಮಾ, ಮುಂದಿನ ಸಲ ಬರುವಾಗ ಎರಡು ವಿಭೂತಿ ಗಟ್ಟಿ ತಗೊಂಬಾ. ನನಗೊಂದು, ಇವಳಿಗೊಂದು. ಅಕ್ಕನ ಹತ್ತಿರ ಗೂಡು ಒರೆಸಿ ಇಡೋಕೆ ಹೇಳೀನಿ."